ಫ್ರಿಡ್ಜ್ ಕೆಳಗಿನ ಹೆಂಚಿನ ಮನೆ

ಕೊಡಿಗೇಹಳ್ಳಿಯಲ್ಲಿ ನನ್ನಂಥ ಜಲವರ್ಣ ಕಲಾವಿದ ಮತ್ತೊಬ್ಬನಿಲ್ಲ ಎಂಬುದು ನನ್ನ ದೃಢ ನಂಬಿಕೆ. ಹಾಗಾಗಿ ಪಕ್ಕದ ಮುನಿರತ್ನಮ್ಮನವರು ತಮ್ಮ ಹಳೇ ಹೆಂಚಿನ ಮನೆ ಕೆಡವಿಸುವ ಮುನ್ನ ಅದರ ಚಿತ್ರ ಬರೆದುಕೊಡಿ ಎಂದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

"ಗೃಹಪ್ರವೇಶದ ಕಾರ್ಡ್ ಮ್ಯಾಲೆ ಆಕಿಸ್ಬೇಕು. ನಮ್ಮತ್ತೆ ಕಾಲದ ಮನೆ ಇಂಗಿತ್ತು ಅಂತ ಮೊಮ್ಮಕ್ಳಿಗೆ ಗೊತ್ತಾಗ್ಲಿ" ಎಂದರು.

ನಾನು ಬರೆದೆ. ಅವರು ಮನೆ ಕೆಡವಿಸಿ ಹೊಸದು ಕಟ್ಟಿಸಿದರು. ಕಾರ್ಡಿಗಾಗಿ ಸ್ಕ್ಯಾನ್ ಮಾಡಿಸಲು ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯ ರಮೇಶ "ಚೆನ್ನಾಗಿದೆ ಸಾರ್" ಅಂದ. ನನಗೆ ಅನುಮಾನ ಶುರುವಾಗಿದ್ದೇ ಅಲ್ಲಿ. ಸುಮ್ಮಸುಮ್ಮನೆ ಯಾರಾದರೂ ಹೊಗಳುತ್ತಾರೆಯೇ? ಕಾಪಿ ಇಟ್ಟುಕೊಂಡು ಎಲ್ಲಿ ಮಾರುತ್ತಾನೋ!

ಅವನು ಚಿತ್ರವನ್ನು ನನ್ನ ಪೆನ್‌ಡ್ರೈವಿಗೆ ಹಾಕಿದ. "ನಿಮ್ಮ ಕಂಪ್ಯೂಟರಲ್ಲಿರೋದನ್ನ ನನ್ನ ಕಣ್ಮುಂದೆ ಅಳಿಸಿ" ಎಂದೆ. ಅಳಿಸಿದ. ನನಗೆ ಸಮಾಧಾನವಾಗಲಿಲ್ಲ. ಮೌಸ್ ಕಿತ್ತುಕೊಂಡು ನಾನೇ ಹುಡುಕಿದೆ. ಇನ್ನೊಂದು ಕಾಪಿ ಸಿಕ್ಕಿಯೇ ಬಿಟ್ಟಿತು.

"ಇದೇನ್ರೀ ಇದು?"

"ಸಾರ್, ಅದು ನಿಮ್ಮ..."

"ನನ್ನದೇ ಅಂತ ನನಗೂ ಗೊತ್ತು ಕಣ್ರೀ" ಎಂದು ಅದನ್ನೂ ಅಳಿಸಿ ವಿಜಯಿಯಾಗಿ ಮನೆಗೆ ಬಂದೆ.

ಮೂಲ ಚಿತ್ರವನ್ನು ಫ್ರಿಡ್ಜ್ ಕೆಳಗೆ ಬಚ್ಚಿಟ್ಟೆ. ಹೆಂಡತಿ ಸರೋಜಳಿಗೂ ಹೇಳಲಿಲ್ಲ. ಅವಳ ತಮ್ಮನ ಹತ್ತಿರ ಒಳ್ಳೆಯ ಕ್ಯಾಮೆರಾ ಇತ್ತು.

ಮರುದಿನ ಅವಳು ಐಸ್ ಕರಗಲೆಂದು ಫ್ರಿಡ್ಜ್ ಆಫ್ ಮಾಡಿದಳು.

"ರೀ, ಫ್ರಿಡ್ಜ್ ಕೆಳಗಿಂದ ಬಣ್ಣದ ನೀರು ಬರ್ತಿದೆ. ಏನಿಟ್ಟಿದ್ದೀರ?"

ಎಳೆದು ನೋಡಿದರೆ ಚಿತ್ರದ ಹೆಂಚುಗಳು ಕರಗಿ ಜಗಲಿಗೆ ಇಳಿದಿದ್ದವು. ಮುನಿರತ್ನಮ್ಮನವರ ಮನೆ ಎರಡನೇ ಸಲ ನೆಲಸಮವಾಗಿತ್ತು. "ಪೆನ್‌ಡ್ರೈವ್ ಇದೆಯಲ್ಲ" ಎಂದು ಗಂಭೀರವಾಗಿ ನುಡಿದು ಕಂಪ್ಯೂಟರಿಗೆ ಹಾಕಿದೆ. ಖಾಲಿ. ನಾನು ಅಳಿಸಿದ್ದು ಅದರಲ್ಲಿದ್ದ ಕಾಪಿಯನ್ನೇ.

ಅಂಗಡಿಗೆ ಓಡಿದೆ. "ರಮೇಶ್, ನಿಜ ಹೇಳ್ಬಿಡಿ, ಬೈಯಲ್ಲ. ಒಂದು ಕಾಪಿ ಕದ್ದಿಟ್ಕೊಂಡಿದ್ದೀರ ಅಲ್ವಾ?"

"ದೇವರಾಣೆ ಇಲ್ಲ ಸಾರ್."

"ಹೆದರ್ಬೇಡಿ. ಕದ್ದಿದ್ರೆ ಒಳ್ಳೇದೇ."

"ನಾನು ಅಂಥವನಲ್ಲ ಸಾರ್" ಎಂದು ಅವನು ಮುಖ ಊದಿಸಿಕೊಂಡ. ಪ್ರಾಮಾಣಿಕ ಮನುಷ್ಯನೊಬ್ಬನ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಬೇರೆ ದಾರಿಯಿಲ್ಲದೆ ನೆಂದು ಒಣಗಿದ ಹಾಳೆಯನ್ನೇ ಮುನಿರತ್ನಮ್ಮನವರ ಕೈಗಿಟ್ಟು ತಲೆ ತಗ್ಗಿಸಿ ನಿಂತೆ. ನನಗೆ ನಿಜಕ್ಕೂ ಅಳು ಬರುವಂತಿತ್ತು. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಮಳೇಗಾಲ್ದಾಗೆ ನಮ್ಮನೆ ಇಂಗೇ ಸೋರ್ತಿತ್ತು ಕಣಪ್ಪ. ಅತ್ತೆ ಪಾತ್ರೆ ಇಡ್ತಿದ್ರು. ಇದನ್ನೇ ಆಕ್ಸಿ."

ಮತ್ತೆ ಸ್ಕ್ಯಾನ್ ಮಾಡಿಸಲು ಹೋದೆ. ರಮೇಶ ಈ ಸಲ ಚಿತ್ರವನ್ನು ಹೊಗಳಲಿಲ್ಲ. ಮೌಸನ್ನು ಮಾತ್ರ ನನ್ನ ಕೈಗೆ ಎಟುಕದಂತೆ ಆಚೆಗೆ ಸರಿಸಿ, ಕೆಲಸ ಮುಗಿಯುವವರೆಗೂ ಓರೆಗಣ್ಣಿನಿಂದ ನನ್ನನ್ನೇ ನೋಡುತ್ತಿದ್ದ. ಅವನಿಗೆ ನನ್ನ ಮೇಲೆ ಅನುಮಾನ.