ವಖಾರಿ ಓಣಿ ಕೆಫೇದಾಗ ಕನ್ಯಾ ನೋಡೂದು

ನಗಬೇಕಂದ್ರ ಮಂದಿ ಟಿವಿ ಹಚ್ಚತಾರ. ನಾ ಮನಿ ಮುಂದಿನ ಕಟ್ಟಿ ಮ್ಯಾಲೆ ಬಂದು ಕುಂದರತೇನಿ, ಅಷ್ಟ. ಉಳಿದದ್ದು ತಾನ ನಡಕೋತ ಬರತೈತಿ.

ದಾಂಡೇಲ್ಯಾಗ ನಮ್ಮದು ವಖಾರಿ ಓಣಿ. ಮೊದಲ ಇಲ್ಲಿ ಸಾಲಾಗಿ ಕಟಗಿ ಗೋಡೌನು ಇದ್ದುವು. ಆಮ್ಯಾಲೆ ಬೀಗ ಬಿದ್ದು ಬರೇ ಹೆಗ್ಗಣ ಉಳದ್ವು. ಈಗ ನದ್ಯಾಗ ರಬ್ಬರ್ ದೋಣಿ ಹತ್ತಾಕ ಬಂದ ಮಂದಿ ಸಂಜಿಕ ಎಲ್ಲಿ ಹೋಗಬೇಕು ಪಾಪ? ಅದಕ್ಕ ಆ ಗೋಡೌನಿನ್ಯಾಗ ಕೆಫೆ, ಬಾರು, ಹಾಡು, ಕುಣತ ಎಲ್ಲಾ ಬಂದಾವ. ತೊಲಿಗೆ ದೀಪ ಜೋತು ಬಿಟ್ಟಾರ. ಹೆಗ್ಗಣ ಮಾತ್ರ ಹಳೇವ ಅದಾವ, ಈಗ ಅವೂ ಕೇಕು ತಿಂತಾವ.

ಎಲ್ಲಾರಿಗೂ ಇದು ಸಿಂಗಾರ, ನಮ್ಮ ಬಾಜೂಮನಿ ವೈನಿಗೆ ಮಾತ್ರ ಸಂಕಟ. ಇರೂದು ಒಬ್ಬಾಕಿ ಮಗಳು, ಬಂಗೂರನಗರದಾಗ ಕಾಲೇಜು ಮುಗಿಸಿ ಲಗ್ನಕ್ಕ ಬಂದು ಕುಂತಾಳ. ಬಾಗಲಾ ತೆರದ್ರ ಎದುರಿಗೆ ಕೆಫೆ, ಕೆಫೇಕ ಹತ್ತಿ ಬಾರು.

“ಬಾರಿನ ಮುಂದಿನ ಮನಿ ಹುಡುಗಿನ್ನ ಯಾರ ಮಾಡ್ಕೋತಾರ ಬೇ?” ಅಂತ ದಿನಾ ನನ್ನ ಮುಂದ ಅಳತಿದ್ಲು.

೧. ಗ್ವಾಡಿ

ವೈನಿ ಮನಿ ಮುಂದಿನ ಗ್ವಾಡಿ ಬರೇ ಇಟ್ಟಂಗಿ. ಗಿಲಾವು ಮಾಡಸ್ರಿ ಅಂದಾಗೆಲ್ಲ ಗಂಡ “ಬರೂ ವರ್ಷ” ಅಂತಿದ್ದ. ಬೀಗರು ಬಂದು ನೋಡಿದ್ರ ಮರ್ಯಾದಿ ಹೋಗತೈತಿ ಅಂತ ವೈನಿ ಜಗಳಾ ತಗದು ಗಿಲಾವು ಮಾಡಿಸಿದ್ಲು, ಮ್ಯಾಲೆ ಗಿಳಿ ಹಸರು ಬಣ್ಣಾ ಹೊಡಿಸಿದ್ಲು. ಅದ ವಾರ ಎದುರಿಗೆ ಕೆಫೆ ಮಾಲಕ ತನ್ನ ಗ್ವಾಡಿ ಗಿಲಾವನ್ನ ಸುತ್ತಗಿಲೆ ಉದುರಸಾಕ ಹತ್ತಿದ. ವೈನಿಗೆ ಕನಿಕರ ಬಂತು. “ಪಾಪ, ಗ್ವಾಡಿಗೆ ಉಪ್ಪು ಹತ್ತೇತಿ ಕಾಣತೈತಿ” ಅಂದ್ಲು.

ಮಾಲಕ ಹುಬ್ಬಳ್ಳ್ಯಾವ, ತಲಿ ಮ್ಯಾಲೊಂದು ಜುಟ್ಟ. ಸೀದಾ ಬಂದು ವೈನಿ ಗ್ವಾಡಿ ಮ್ಯಾಲೆ ಕೈ ಆಡಿಸಿ, ಸತ್ತ ಮನ್ಯಾಗ ಮಾತಾಡಿದಂಗ ಕೇಳಿದ: “ಅಕ್ಕಾರ, ಒಳಗ ಇಟ್ಟಂಗಿ ಇತ್ತಲ್ರಿ? ಎಷ್ಟು ಛಂದ ಇತ್ತು! ಯಾಕ ಮುಚ್ಚಿದ್ರಿ?”

ಅವತ್ತಿಂದ ವೈನಿ ಗಂಡ ಯಾವ ಕೆಲಸಾ ಅರ್ಧಾ ಬಿಟ್ರೂ “ಇದು ಡಿಸೈನ್ ಐತಿ, ನಿನಗ ತಿಳಿಯಂಗಿಲ್ಲ” ಅಂತಾನ.

೨. ಎಲ್ಲಿಯವ್ರು?

ಕೆಫೇದ ಮ್ಯಾನೇಜರ್ ನಮ್ಮ ಸಿದ್ದಿ ಹುಡುಗ, ಇಲ್ಲೇ ಸಾಂಬ್ರಾಣಿ ಕಡ್ಯಾವ. ಅವನ ಮುತ್ತ್ಯಾನ ಮುತ್ತ್ಯಾ ಯಾವಾಗೋ ಆಫ್ರಿಕಾದಿಂದ ಬಂದಿದ್ದನಂತ. ಭಾಳ ಸಮಾಧಾನದ ಮನಶ್ಯಾ. ವೈನಿ ಮನಿಗೆ ಬೀಗರು ಬರ್ತಾರ ಅಂದ್ರ ಹಾಡಿನ ದನಿ ತಾನ ಸಣ್ಣ ಮಾಡತಿದ್ದ.

ಒಂದಿನ ಟೊಪಿಗಿ ಹಾಕ್ಕೊಂಡ ಟೂರಿಸ್ಟ್ ಒಬ್ಬಾವ ಹೆಂಡ್ತಿನ್ನ ಕರಕೊಂಡು ಬಂದ. ಮ್ಯಾನೇಜರನ ಮಾರಿ ನೋಡಿ ಕೈ ತಿರುವಿ ತಿರುವಿ, ಕೂಸಿಗೆ ಹೇಳಿದಂಗ ಇಂಗ್ಲೀಷ್ ಬಿಟ್ಟ.

“ಬರ್ರಿ ಸರ, ಕುಂದರ್ರಿ, ಏನ್ ಕೊಡ್ಲಿ?” ಅಂದ ಮ್ಯಾನೇಜರ್.

“ಅಯ್ಯೋ! ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಾ! ಯಾವ ದೇಶ?”

“ಸಾಂಬ್ರಾಣಿ ಹತ್ರ ರೀ.”

ಟೊಪಿಗ್ಯಾವ ಹೆಂಡ್ತಿ ಕಡೆ ತಿರಿಗಿ, “ಕೇಳಿದೀನಿ ಕಣೇ, ಆಫ್ರಿಕಾದಲ್ಲೇ ಬರುತ್ತೆ” ಅಂದ.

ಮ್ಯಾನೇಜರ್ ನೀರು ಇಟ್ಟು ಅಂದ: “ಹೌದ್ರಿ ಸರ. ಹಳಿಯಾಳ ಬಸ್ ಹತ್ತಿದ್ರ ಆತು.”

೩. ಓಣಿ ಛಲೋ ಇಲ್ಲ

ಧಾರವಾಡ ಕಡಿಂದ ಒಂದು ಸಂಬಂಧ ಬಂತು. ಬಂದದ್ದು ಶನಿವಾರ ಸಂಜಿಕ! ಮ್ಯಾನೇಜರ್ ತನ್ನ ಹಾಡು ಬಂದ್ ಮಾಡಿದ, ಆದ್ರ ಬಾರಿನವ್ರಿಗೆ ಯಾರ ಹೇಳಬೇಕು? ಧಡ್ ಧಡ್ ಅನ್ನೂದಕ್ಕ ವೈನಿ ಅಡಗಿ ಮನ್ಯಾಗ ಚರಗಿ, ತಾಟು ಎಲ್ಲಾ ಕುಣ್ಯಾಕ ಹತ್ತಿದ್ವು. ಹುಡುಗ “ಫೋನ್ ಬಂತು” ಅಂತ ಹೊರಗ ಹೋದ. ಚಾ ಆರಿತು, ಅವಲಕ್ಕಿ ಮೆತ್ತಗಾತು, ಫೋನ್ ಮುಗೀಲಿಲ್ಲ.

ಹುಡುಗನ ಅಪ್ಪ ಹುಡಕಾಕ ಎದ್ದ, ಹಿಂದಿಂದ ನಾನೂ ಹೋದೆ. ಬಾರಿನ ಬಾಗಲಕ ಹೋಗಿ ಇಣಿಕಿ ನೋಡಿದ್ರ, ಮಗಾ ಗ್ಲಾಸ್ ಹಿಡಕೊಂಡು ಗುರುತಿಲ್ಲದವ್ರ ನಡಕ ಕುಣ್ಯಾಕ ಹತ್ಯಾನ. ಅಪ್ಪ ನೋಡಿದ್ದನ್ನ ನುಂಗಿದ. ತಿರಿಗಿ ಬಂದು ವೈನಿಗೆ ಭಾಳ ಗಂಭೀರಲೆ ಹೇಳಿದ: “ಹುಡುಗಿ ಛಲೋ ಅದಾಳ್ರಿ. ಓಣಿ ಒಂದು ಛಲೋ ಇಲ್ಲ. ನಾವು ಊರಿಗೆ ಹೋಗಿ ತಿಳಸ್ತೀವಿ.”

ಊರಿಗೆ ಹೋಗಿ ತಿಳಸ್ತೀವಿ ಅಂದ್ರ ಬ್ಯಾಡ ಅಂತ, ನಮ್ಮ ಕಡೆ ಕೂಸಿಗೂ ಗೊತ್ತು. ವೈನಿಗೂ ಗೊತ್ತು. ಆದ್ರೂ ಪ್ರತಿ ಸಲಾ ಮೊಬೈಲ್ ಉಡ್ಯಾಗ ಇಟ್ಕೊಂಡು ಕುಂದರತಾಳ, ಹುಚ್ಚಿ. ಮಗಳು ಅವ್ವನ ಮಾರಿ ನೋಡಿ ಒಳಗ ಹೋಗತಾಳ.

ನನ್ನ ಬಾಯಿ ಸುಮ್ಮನಿರತೈತೇನು? “ತಿಳಸೂದು ಇರಲ್ರಿ ಯಜಮಾನ್ರ, ಮೊದಲ ನಿಮ್ಮ ಹುಡುಗನ್ನ ಕರಕೊಂಡು ಹೋಗ್ರಿ. ಇಲ್ಲಾಂದ್ರ ಈ ಕೆಟ್ಟ ಓಣ್ಯಾಗ ಅವ ಬಾಡಗಿ ಮನಿ ಹಿಡಿತಾನ!”

೪. ಅವಲಕ್ಕಿ ತಾಟು

ಮುಂದ ಬೆಳಗಾಂವ ಕಡಿಂದ ಬಂದ್ರು. ಇವ್ರು ಸುಧಾರಿಸಿದ ಮಂದಿ. ಹುಡುಗನ ಅವ್ವ ತಾನ ಫೋನ್ ಮಾಡಿ “ಮನಿ ಯಾಕ್ರಿ, ಎದುರಿಗಿನ ಕೆಫೇದಾಗ ಕನ್ಯಾ ತೋರಸ್ರಿ, ಈಗ ಎಲ್ಲಾರೂ ಹಂಗ ಮಾಡತಾರ” ಅಂದ್ಲು. ವೈನಿಗೆ ಆಕಾಶ ಕೈಗೆ ಸಿಕ್ಕಂಗಾತು. ಓಣಿನ್ನ ಒಪ್ಪಿದ ಮೊದಲನೇ ಬೀಗತಿ!

ಐತವಾರ ಮುಂಜಾನೆ ಕುಂತಿವಿ. ಹುಡುಗಿ ಕಡಿಂದ ವೈನಿ, ಗಂಡ, ನಾನು. ಅವರ ಕಡಿಂದ ಅವ್ವ, ಮಗಾ. ಮಗಾ ಬಾಯಿ ತೆರದ್ರ ಅವ್ವ ಉತ್ತರಾ ಕೊಡತಾಳ. “ಅವಗ ಸಕ್ಕರಿ ಕಡಿಮಿ”, “ಅವಗ ಗಾಳಿ ಬೇಕು”. ಕೆಫೇದವ ನಾಷ್ಟಾ ತರಾಕ ಹೋದ್ರ, ಆಕಿ ಕೈ ಅಡ್ಡಾ ಹಿಡದ್ಲು.

“ಹಂಗ ಹೆಂಗ್ರಿ? ಹುಡುಗಿ ಕೈಲೆ ಅವಲಕ್ಕಿ ತರಬೇಕಲ್ಲ. ಆಕಿ ನಡಿಗಿ ಹೆಂಗೈತಿ ನೋಡಬೇಕಲ್ಲ ನಾವು.”

ಸುಧಾರಣಿ ಅಲ್ಲಿಗೆ ಮುಗೀತು. ವೈನಿ ಮನಿಗೆ ಓಡಿ ಅವಲಕ್ಕಿ ಡಬ್ಬಿ ತಂದ್ಲು, ಮಗಳನ್ನೂ ಕರಕೊಂಡು ಬಂದ್ಲು. ಮ್ಯಾನೇಜರ್ ಪ್ಲೇಟು, ಅವನ್ನ ಇಡಾಕ ಒಂದು ದೊಡ್ಡ ತಾಟು ಕೊಟ್ಟ. ಹುಡುಗಿ ಕೆಫೇದ ಅಡಗಿ ಮನಿಂದ ಸೆರಗು ಹೊದ್ದು, ತಾಟು ಹಿಡಕೊಂಡು ಬಂದ್ಲು.

ನಡಕ ಟೂರಿಸ್ಟ್ ಟೇಬಲ್. “ವಾವ್, ಇದೇನು? ಇಲ್ಲಿ ಎರಡು ಇಡ್ರಿ!” ಅಂದು ತಾಟಿನ್ಯಾಗಿನ ಪ್ಲೇಟು ಎತಗೊಂಡ್ರು. ಕೈಯಾಗಿಂದು ಕಸಿಯಾಕ ಆಗತೈತೇನು? ಆಕಿ ತಿರಿಗಿ ಹೋಗಿ ತುಂಬಕೊಂಡು ಬಂದ್ಲು. ಈ ಸಲ ಕಿಡಕಿ ಟೇಬಲ್ಲಿನವ್ರು ಇಳಿಸ್ಕೊಂಡ್ರು. “ನಿಂಬಿಹಣ್ಣು ಐತೇನ್ರಿ ಮೇಡಂ?” ಅಂತ ಬ್ಯಾರೆ.

“ಇದೇನ್ರಿ,” ಬೀಗತಿ ಉರದ್ಲು, “ನಮ್ಮನ್ನ ಬಿಟ್ಟು ಊರಿಗೆಲ್ಲಾ ಹಂಚಾಕ ಹತ್ಯಾಳ!”

ವೈನಿ, ಇದೂ ಹೋತು ಅಂತ ನನ್ನ ಕೈ ಹಿಚಕಿದ್ಲು.

ಹುಡುಗಿ ಖಾಲಿ ತಾಟು ಹಿಡಕೊಂಡು ಬಂದು ಹುಡುಗನ ಮುಂದ ನಿಂತ್ಲು. “ಇನ್ನೊಂದೀಟು ಉಳದೈತ್ರಿ. ನಾ ಹೋದ್ರ ಮತ್ತ ನಡಕ ಕಸ್ಕೋತಾರ. ನೀವು ತರ್ತೀರೇನು?”

ಹುಡುಗ ಅವ್ವನ ಮಾರಿ ನೋಡಿದ. “ಅವಗ ರೂಢಿ ಇಲ್ಲ!” ಅಂದ್ಲು ಅವ್ವ.

“ನನಗೂ ಇರಲಿಲ್ರಿ,” ಅಂದು ಆಕಿ ತಾಟು ಅವನ ಕೈಗೆ ಕೊಟ್ಲು, ಅವ ಎದ್ದ ಕೂಡ್ಲೆ ಅವನ ಖುರ್ಚಿ ಮ್ಯಾಲೆ ಕುಂತು ಬಿಟ್ಲು.

ಅವ ತಾಟು ಹಿಡಕೊಂಡು ಎರಡು ಹೆಜ್ಜಿ ಇಟ್ಟಿದ್ದ ತಡ, ಮೂಲಿ ಟೇಬಲ್ಲಿನಿಂದ ಒದರಿದ್ರು: “ಅಣ್ಣಾ, ಎರಡು ಕಾಫಿ!”

“ತಂದೇರಿ!” ಅಂದ ಹುಡುಗ. ಅವತ್ತು ಅವ್ವನ್ನ ಕೇಳದ ಆಡಿದ ಮೊದಲನೇ ಮಾತು. ಹೋದ, ಒಂದು ಹನಿ ಚೆಲ್ಲದ ತಂದ ಕೊಟ್ಟ. ಮ್ಯಾಲೆ “ಸಕ್ಕರಿ ಸಾಕ್ರಿ?” ಅಂತ ಕೇಳಿದ. ಮಾರಿ ಮ್ಯಾಲೆ ನಗು ನೋಡಬೇಕು! ಹುಡುಗಿ ಗದ್ದಕ್ಕ ಕೈ ಹಚ್ಚಿ, ಅವನ ನಡಿಗಿ ಹಿಂದಿಂದ ಮುಂದಿಂದ ನೋಡಿದ್ಲು.

ಬೀಗತಿ ಬುಸುಗುಡಕೋತ ಎದ್ಲು. “ಅಲ್ಲವಾ, ನಮ್ಮ ಹುಡುಗ ನಿನಗ ಒಪ್ಪಿಗಿ ಏನು, ಹೇಳ ಒಮ್ಮೆ!”

ಹುಡುಗಿ ಸಾವಕಾಶ ಎದ್ದು, ಸೆರಗು ಸರಿ ಮಾಡ್ಕೊಂಡು, ಭಾಳ ಮರ್ಯಾದಿಲೆ ಕೈ ಮುಗದ್ಲು.

“ಹುಡುಗ ಛಲೋ ಅದಾರ್ರಿ. ನಾವು ಊರಿಗೆ ಹೋಗಿ ತಿಳಸ್ತೀವಿ.”

ಓಣಿ ದಾಟಿ ಮನಿ ಹೊಕ್ಕು ಬಾಗಲಾ ಹಾಕ್ಕೊಂಡ್ಲು. ಹಿಂದ ಅವ್ವ, ಅಪ್ಪ ಓಡಿದ್ರು. ಬೀಗತಿ ಕಣ್ಣು ಆ ಗಿಳಿ ಹಸರು ಗ್ವಾಡಿ ಮ್ಯಾಲೆ ನೆಟ್ಟು ಕುಂತ್ಲು, ಮೊಬೈಲ್ ಉಡ್ಯಾಗ. ಮಗಾ ಕಿಡಕಿ ಟೇಬಲ್ಲಿಗೆ ನಿಂಬಿಹಣ್ಣು ಕೊಟ್ಟು ಬಂದ. ಮ್ಯಾನೇಜರ್ ಚಾ ತಂದಿಟ್ಟ, ಆಕಿ ಮುಟ್ಟಲಿಲ್ಲ. ಕಡೀಕ ತಡಿಲಾರದ ನನ್ನ ಕೇಳಿದ್ಲು:

“ಇಷ್ಟು ಹೊತ್ತಾತಲ್ರಿ, ಇನ್ನೂ ಯಾಕ ತಿಳಸವಲ್ರು?”

ನಾ ಆಕಿ ಚಾ ನನ್ನ ಕಡೆ ಎಳಕೊಂಡು, ಒಂದು ಗುಟುಕು ಕುಡದು ಹೇಳಿದೆ: “ತಡೀರಿ ಬೀಗತ್ಯಾರ. ಅವರ ಊರು ಭಾಳ ದೂರ ಐತಿ.”