ಹನ್ನೊಂದು ಕಾರಣ ಮತ್ತು ಒಂದು ಚಕ್ಕುಲಿ ಒರಳು

"ವೈನಿ, ಇನ್ನ ಮುಂದ ನಿಮ್ಮ ಪಾಠ ಕೇಳಿ ಒಂದ ಹುಡುಗನೂ ಮಲಗಂಗಿಲ್ಲ!"

ಮಂಗಳವಾರ ಸಂಜೆ ಚಹಾದ ಹೊತ್ತಿಗೆ ನನ್ನ ಮೈದುನ ಚನ್ನವೀರ ಹೀಗೆ ಕೂಗುತ್ತ ಒಳಗೆ ಬಂದ. ಇವನು ನಮ್ಮ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಉಪಕರಣ ರಿಪೇರಿ ಮಾಡುವವನು. ಉಪಕರಣ ಕೆಡದಿದ್ದರೆ ತಾನೇ ಕೆಡಿಸಿ ರಿಪೇರಿ ಮಾಡುವವನು! ಕರಿಹಲಗೆಯನ್ನು ತಾನಾಗಿಯೇ ಒರೆಸುವ ಡಸ್ಟರ್ ಮಾಡಿ, ಅದು ಒಬ್ಬ ಪ್ರೊಫೆಸರರ ಹಣೆಯ ವಿಭೂತಿಯನ್ನೂ ಒರೆಸಿಬಿಟ್ಟಿದ್ದು ಇನ್ನೂ ಯಾರೂ ಮರೆತಿಲ್ಲ.

ಈ ಸಲ ಅವನ ಕೈಯಲ್ಲಿ ಸರಪಳಿಗೆ ಕಟ್ಟಿದ ಹಿತ್ತಾಳೆಯ ವಸ್ತುವೊಂದು ತೂಗಾಡುತ್ತಿತ್ತು. ಸುತ್ತಲೂ ವೈರು, ಕೆಳಗೆ ಹಸಿರು ದೀಪ.

"ಅಯ್ಯ ಶಿವನೇ! ಇದು ನನ್ನ ಚಕ್ಕುಲಿ ಒರಳಲ್ಲೇನೋ?"

"ಒರಳಿತ್ತು ವೈನಿ. ಈಗ ಇದು ಸರ್ವಸಮ್ಮತಿ ಯಂತ್ರ!"

"ನಮ್ಮವ್ವ ಕೊಟ್ಟದ್ದೋ ಅದು! ನಿನ್ನ ಕೈಗೆ ಏನರೆ ಆಗಲಿ!"

"ಬೈಯೂದು ಆಮ್ಯಾಲೆ ಬೈರಿ. ನಾಳಿದ್ದು ಕಮಿಟಿ ಬರ್ತೈತಿ. ನಿಮ್ಮ ಇತಿಹಾಸ ವಿಭಾಗ ಉಳೀಬೇಕೋ ಬ್ಯಾಡೋ?"

ಅವನು ಸರಿಯಾದ ಗಾಯಕ್ಕೇ ಕೈ ಹಾಕಿದ್ದ. ಕಳೆದ ವರ್ಷ ಬಂದ ಪರಿಶೀಲನಾ ಕಮಿಟಿ ನಮ್ಮ ವಿಭಾಗದ ಬಗ್ಗೆ ಒಂದೇ ಸಾಲು ಬರೆದು ಹೋಗಿತ್ತು: 'ಅಧ್ಯಾಪಕಿ ಓದುತ್ತಾರೆ, ವಿದ್ಯಾರ್ಥಿಗಳು ಕೂರುತ್ತಾರೆ, ಫ್ಯಾನ್ ಸುತ್ತುತ್ತದೆ.' ಈ ಸಲವೂ ಹಾಗೇ ಕಂಡರೆ ವಿಭಾಗಕ್ಕೆ ಬೀಗ. ನನಗೆ ನಿವೃತ್ತಿಗೆ ನಾಲ್ಕು ವರ್ಷ ಉಳಿದಿತ್ತು, ಹೇಗೋ ಆಗುತ್ತಿತ್ತು. ಆದರೆ ನನ್ನ ಹನ್ನೊಂದು ವಿದ್ಯಾರ್ಥಿಗಳು ನಡು ವರ್ಷದಲ್ಲಿ ಎಲ್ಲಿಗೆ ಹೋಗಬೇಕು?

ಯಂತ್ರದ ಕೆಲಸ ಸರಳವಾಗಿತ್ತು. ಒರಳನ್ನು ಕೊರಳಿಗೆ ಹಾಕಿಕೊಂಡು ಮಾತಾಡಿದರೆ ಅದು ನನ್ನ ದನಿಯನ್ನು ನುಂಗಿ, ಮಾತನ್ನು ತರಗತಿಯ ಆನ್‌ಲೈನ್ ಪುಟದಲ್ಲಿ ಬರೆಯುತ್ತದೆ. ಆ ಪುಟ ಎಲ್ಲರ ಮೊಬೈಲಿನಲ್ಲೂ ಇರುತ್ತದೆ. ಯಾರು ಬೇಕಾದರೂ ತಿದ್ದಬಹುದು. ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿದರೆ, ತಿದ್ದಿದ ಮಾತು ಒರಳಿನ ತೂತುಗಳಿಂದ ನನ್ನದೇ ದನಿಯಲ್ಲಿ ಹೊರಗೆ ಬರುತ್ತದೆ. ಯಾರೂ ತಿದ್ದದಿದ್ದರೆ ನನ್ನ ಮಾತೇ ಬರುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ!

ಪರೀಕ್ಷೆಗೆಂದು ನಾನು, ಚನ್ನವೀರ, ನಮ್ಮ ಯಜಮಾನರು, ಮೂವರೂ ಒಂದು ಪುಟಕ್ಕೆ ಸೇರಿದೆವು. ನಾನು ಒರಳಿಗೆ, "ಊಟಕ್ಕ ಉಪ್ಪಿಟ್ಟು ಮಾಡ್ತೀನಿ" ಎಂದೆ.

ಒರಳು ನನ್ನ ದನಿಯಲ್ಲಿ ಘೋಷಿಸಿತು: "ಊಟಕ್ಕ ಹೋಳಿಗಿ ಮಾಡ್ತೀನಿ, ತುಪ್ಪ ಜಾಸ್ತಿ!"

ಅಣ್ಣ ತಮ್ಮ ಇಬ್ಬರೂ ಮೊಬೈಲಿನಿಂದ ತಲೆ ಎತ್ತಲಿಲ್ಲ. ಮೂವರಲ್ಲಿ ಇಬ್ಬರು ಒಪ್ಪಿದ್ದರು! ನಾನು ಉಪ್ಪಿಟ್ಟೇ ಮಾಡಿದೆ, ಅದೂ ಒಗ್ಗರಣೆ ಇಲ್ಲದೆ.

ಬುಧವಾರ ತರಗತಿಗೆ ಹೋಗುವಾಗ ಚನ್ನವೀರ ಸರಪಳಿಗೆ ಪುಟ್ಟ ಬೀಗವನ್ನೂ ಹಾಕಿದ. ಹುಡುಗರು ಕಸಿದುಕೊಂಡಾರು ಎಂಬ ಭಯವಂತೆ. ನಾನು ಇಪ್ಪತ್ತಾರು ವರ್ಷ ಹಳೆಯ ನೋಟ್ಸು ಬಿಚ್ಚಿದೆ. ನನ್ನ ನೋಟ್ಸಿನಲ್ಲಿ ಯಾವ ಸಾಮ್ರಾಜ್ಯವಾದರೂ ಹನ್ನೊಂದು ಕಾರಣಗಳಿಗೇ ಬೀಳುತ್ತದೆ. ಹತ್ತು ಕಾರಣಕ್ಕೆ ಬೀಳುವ ಸಾಮ್ರಾಜ್ಯಕ್ಕೆ ನಾನು ಪೂರ್ತಿ ಅಂಕ ಕೊಟ್ಟಿದ್ದೇ ಇಲ್ಲ!

"ಬರಕೊಳ್ರಿ. ವಿಜಯನಗರದ ಪತನಕ್ಕೆ ಮೊದಲನೆಯ ಕಾರಣ..."

ಒರಳು ಗುರ್ ಎಂದಿತು. "ಪೆನ್ನು ಕೆಳಗ ಇಡ್ರಿ. ಮೊದಲನೆಯ ಕಾರಣ, ಹಾಸ್ಟೆಲಿನ ಸಾಂಬಾರು!"

ತರಗತಿ ಹೋ ಎಂದು ನಕ್ಕಿತು.

"ಯಾವನವ ಅದನ್ನ ಬರೆದವ? ಕತ್ತಿಗಳ್ರಾ, ಹೊರಗ ನಡೀರಿ!" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ.

"ನನ್ನ ಬಂಗಾರದಂಥ ಮಕ್ಕಳ್ರಾ, ಇವತ್ತ ಎಲ್ಲಾರಿಗೂ ಹಾಜರಿ!" ಎಂದಿತು ಒರಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನದು ಆಡದೆಯೇ ಹೋಗುತ್ತಿತ್ತು! ಹೀಗೆ ಕಾಲು ಗಂಟೆ ಮಂಗಾಟ ನಡೆಯಿತು. ಆಮೇಲೆ ನಾನು ಐದನೆಯ ಕಾರಣ ಓದುತ್ತಿದ್ದಾಗ ನನ್ನ ದನಿಯಲ್ಲಿ ಬೇರೆಯೇ ಒಂದು ಮಾತು ಬಂತು.

"ಸಾಮ್ರಾಜ್ಯ ಬಿತ್ತು, ಖರೆ. ಆದ್ರ ನಮ್ಮೂರ ಕೆರಿ ಇನ್ನೂ ಐತಿ. ರಾಜರು ಹೋದ ಮ್ಯಾಲೆ ಅದರ ಹೂಳು ಯಾರು ತಗದ್ರು? ನನಗ ಗೊತ್ತಿಲ್ಲ."

ಯಾರೂ ನಗಲಿಲ್ಲ. ಪುಟದಲ್ಲಿ ಆ ಸಾಲಿನ ಪಕ್ಕ ಫಕೀರವ್ವ ಎಂಬ ಹೆಸರಿತ್ತು. ಕೊನೆಯ ಬೆಂಚಿನ ಈ ಹುಡುಗಿ ಎರಡು ವರ್ಷದಲ್ಲಿ 'ಹಾಜರ್ ಮೇಡಂ' ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ನಾಚಿಕೆ ಇತ್ತು. 'ನನಗೆ ಗೊತ್ತಿಲ್ಲ' ಎನ್ನುವುದನ್ನು ಇಪ್ಪತ್ತಾರು ವರ್ಷದಲ್ಲಿ ನಾನು ಒಮ್ಮೆಯೂ ತರಗತಿಯಲ್ಲಿ ಹೇಳಿರಲಿಲ್ಲ. ಉತ್ತರ ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ನೋಟ್ಸು ಮಡಚಿಕೊಂಡು ಹೊರಗೆ ನಡೆದೆ.

"ತೆಗಿಯೋ ಇದನ್ನ!" ಎಂದೆ, ಬಾಗಿಲಾಚೆ ಕಾಯುತ್ತಿದ್ದ ಚನ್ನವೀರನಿಗೆ.

ಅವನು ಕಿಸೆ ತಡಕಿದ. "ವೈನಿ, ಕೀಲಿ ನನ್ನ ಇನ್ನೊಂದು ಪ್ಯಾಂಟಿನಾಗ ಐತಿ. ಪ್ಯಾಂಟು ಲಾಂಡ್ರಿಯೊಳಗ ಐತಿ. ಲಾಂಡ್ರಿಯವ ಮದವಿಗೆ ಹೋಗ್ಯಾನ. ಶುಕ್ರವಾರ ಬರ್ತಾನ."

"ಸರಪಳಿ ಕತ್ತರಿಸು!"

"ಕತ್ತರಿಸಿದ್ರ ಕೊನೀ ಮಾತು ಹೇಳ್ಕೋತನ ಇರ್ತೈತಿ. ಬ್ಯಾಟ್ರಿ ಆರು ತಿಂಗಳದ್ದು!" ಇಷ್ಟಾದರೂ ಬ್ಯಾಟರಿಯ ಬಗ್ಗೆ ಅವನ ದನಿಯಲ್ಲಿ ಹೆಮ್ಮೆ!

ಅಷ್ಟರಲ್ಲಿ ರಿಜಿಸ್ಟ್ರಾರರ ಫೋನು. ತಯಾರಿ ಹೇಗಿದೆ ಎಂದು ಕೇಳಿದರು. "ಭರ್ಜರಿ ನಡದೈತ್ರಿ ಸರ್" ಎಂದೆ. ತರಗತಿಯಲ್ಲಿ ಕೂತ ಪುಂಡರು ಇನ್ನೂ ಪುಟ ಮುಚ್ಚಿರಲಿಲ್ಲ.

"ಏನೂ ತಯಾರಿ ಇಲ್ರಿ ಸರ್. ಫ್ಯಾನ್ ಅಷ್ಟ ಸುತ್ತಾಕತ್ತೈತಿ" ಎಂದಿತು ಒರಳು.

"ಇಷ್ಟು ಪ್ರಾಮಾಣಿಕ ಉತ್ತರ ಯಾವ ವಿಭಾಗದಿಂದಲೂ ಬಂದಿಲ್ಲ ಮೇಡಂ. ನಾಳೆ ಹತ್ತಕ್ಕೆ ಕಮಿಟಿ ಬರುತ್ತೆ. ದೇವರು ಕಾಪಾಡಲಿ" ಎಂದು ಫೋನಿಟ್ಟರು.

ನನಗೆ ಅಳುವೇ ಬಂತು. ಸಂಜೆ ಒಬ್ಬಳೇ ಕೂತು, ಇನ್ನೇನು ಅವಾಂತರ ಬರೆದಿದ್ದಾರೋ ಎಂದು ಪುಟ ತೆರೆದೆ. ಸಾಂಬಾರಿನ ಸುದ್ದಿ ಮೇಲೆಲ್ಲೋ ಉಳಿದಿತ್ತು. ಫಕೀರವ್ವನ ಪ್ರಶ್ನೆಯ ಕೆಳಗೆ ಹನ್ನೊಂದು ಊರುಗಳು ಬೆಳೆದಿದ್ದವು! ಒಬ್ಬ ತನ್ನೂರಿನ ಕೆರೆ ದಂಡೆಯ ಶಾಸನದ ಫೋಟೋ ಹಾಕಿದ್ದ. ಕಲ್ಲಿನ ಮೇಲೆ ಯಾರದೋ ಲಂಗ ಒಣಗುತ್ತಿತ್ತು. ಇನ್ನೊಬ್ಬಳು ಅಜ್ಜಿಗೆ ಫೋನು ಮಾಡಿ ಕೇಳಿ, ಅವರೂರಲ್ಲಿ ಮದುವೆಯಾದ ಪ್ರತಿ ಜೋಡಿ ಕೆರೆಯಿಂದ ಹತ್ತು ಬುಟ್ಟಿ ಹೂಳು ಹೊರಬೇಕಿತ್ತು ಎಂದು ಬರೆದಿದ್ದಳು. ಒಬ್ಬನ ತಪ್ಪನ್ನು ಇನ್ನೊಬ್ಬ ತಿದ್ದಿದ್ದ. ನನ್ನ ಮಕ್ಕಳು ಇಷ್ಟು ಬಲ್ಲವರು ಎಂದು ನನಗೆ ಗೊತ್ತೇ ಇರಲಿಲ್ಲ. ಚಹಾ ಆರಿ ತಣ್ಣಗಾಗಿದ್ದೂ ತಿಳಿಯಲಿಲ್ಲ.

ಗುರುವಾರ ಹತ್ತಕ್ಕೆ ಕಮಿಟಿಯ ಅಧ್ಯಕ್ಷರು ಇಬ್ಬರು ಸದಸ್ಯರೊಡನೆ ಬಂದು ಮುಂದಿನ ಬೆಂಚಿನಲ್ಲಿ ಕೂತರು. ನನ್ನ ಕೊರಳಿನ ಒರಳನ್ನು ನೋಡಿ, ಯಾವುದೋ ಜಾನಪದ ಆಭರಣ ಎಂದುಕೊಂಡರೇನೋ, ಗೌರವದಿಂದ ತಲೆ ಆಡಿಸಿದರು. ನನಗೆ ಧೈರ್ಯ ಸಾಲಲಿಲ್ಲ. ನೋಟ್ಸೇ ಬಿಚ್ಚಿದೆ.

"ಮೊದಲನೆಯ ಕಾರಣ..."

ಒರಳು ಅದನ್ನೇ ಹೇಳಿತು. ಎರಡನೆಯ ಕಾರಣವನ್ನೂ ಹಾಗೇ ಹೇಳಿತು. ತಲೆ ಎತ್ತಿ ನೋಡಿದರೆ ಹನ್ನೊಂದೂ ಮಕ್ಕಳು ಮೊಬೈಲನ್ನು ಬೋರಲು ಹಾಕಿ, ಕೈ ಕಟ್ಟಿ ಕೂತಿದ್ದಾರೆ! ಮೇಡಂ ಮರ್ಯಾದೆ ಉಳಿಸಬೇಕು, ಯಾರೂ ಒಂದಕ್ಷರ ತಿದ್ದಬಾರದು ಎಂದು ತಮ್ಮತಮ್ಮಲ್ಲೇ ಆಣೆ ಹಾಕಿಕೊಂಡಿದ್ದರಂತೆ. ಕಿಡಿಗೇಡಿಗಳು ಒಳ್ಳೆಯವರಾಗಲು ಈ ದಿನವೇ ಸಿಗಬೇಕೇ! ಅಧ್ಯಕ್ಷರು ಆಕಳಿಸಿ, ಪೆನ್ನು ತೆಗೆದು, ಮೇಲೆ ಫ್ಯಾನಿನ ಕಡೆ ನೋಡಿದರು.

ನೋಟ್ಸು ಮುಚ್ಚಿದೆ.

"ಈ ಹನ್ನೊಂದು ಕಾರಣ ನಿಮಗ ಬಾಯಿಪಾಠ ಬರ್ತಾವ, ಬಿಡ್ರಿ. ನಿನ್ನಿ ಒಂದು ಪ್ರಶ್ನೆ ಬಂತು. ರಾಜರು ಹೋದ ಮ್ಯಾಲೆ ಕೆರಿ ಹೂಳು ಯಾರು ತಗದ್ರು? ನನಗ ಗೊತ್ತಿಲ್ಲ. ಫಕೀರವ್ವಾ, ಬಾ ಇಲ್ಲಿ. ಹೇಳವಾ."

ಒರಳು ಒಂದಕ್ಷರ ಬದಲಿಸಲಿಲ್ಲ.

ಫಕೀರವ್ವ ಬಂದು ನನ್ನ ಪಕ್ಕ ನಿಂತಳು. ಮೊಳದಷ್ಟು ಹತ್ತಿರ ಬಂದವರ ಮಾತನ್ನೂ ಒರಳು ನುಂಗಿ, ಅವರದೇ ದನಿಯಲ್ಲಿ ಹೊರಹಾಕುತ್ತಿತ್ತು. ಅವಳ ಸಣ್ಣ ದನಿ ಅದರಿಂದ ಇಡೀ ಕೋಣೆಗೆ ಕೇಳುವಂತೆ ಹೊರಬಂತು. ಅವಳು ಮೂರು ಮಾತಾಡುವಷ್ಟರಲ್ಲಿ ಮೊಬೈಲುಗಳೆಲ್ಲ ಮಗುಚಿದವು. "ಇಲ್ಲ, ಅದು ಹೂಳು ತಗದವ್ರಿಗೆ ಕೊಟ್ಟ ಮಾನ್ಯದ ಹೊಲ!" "ಏ, ನಮ್ಮಲ್ಲಿ ಬ್ಯಾರೆ ಐತಿ!" ಎಂದು ಅರ್ಧ ಮಂದಿ ಬರೆದರು, ಅರ್ಧ ಮಂದಿ ಎದ್ದು ನಿಂತೇ ಜಗಳಾಡಿದರು. ಅಂಥ ಚೆಂದದ ಜಗಳವನ್ನು ನಾನು ಆ ಕೋಣೆಯಲ್ಲಿ ಕಂಡಿರಲಿಲ್ಲ. ಗಂಟೆ ಹೊಡೆದರೂ ಯಾರೂ ಕದಲಲಿಲ್ಲ.

ಕೊನೆಗೆ ಅಧ್ಯಕ್ಷರು ನನ್ನ ಪಕ್ಕ ಬಂದು ನಿಂತು ಗಂಟಲು ಸರಿಪಡಿಸಿಕೊಂಡರು. "ವಿಭಾಗದ ಬಗ್ಗೆ ಮುಂದೆ ಪರಿಶೀಲಿಸಲಾಗುವುದು" ಎಂದಿರಬೇಕು. ತುಟಿ ಹಾಗೆ ಆಡಿತು. ಅವರ ಗಂಭೀರ ದನಿಯಲ್ಲಿ ಒರಳು ಹೇಳಿದ್ದು ಬೇರೆ: "ವಿಭಾಗ ಮುಂದುವರಿತೈತಿ! ಫಕೀರವ್ವಗ ಚಪ್ಪಾಳಿ!"

ಚಪ್ಪಾಳೆಯೋ ಚಪ್ಪಾಳೆ! ಅಧ್ಯಕ್ಷರು ಬೆಚ್ಚಿದರು. "ನಾನು ಹಾಗೆ ಹೇಳಲಿಲ್ಲ!" ಎಂದು ಬಾಯಿ ತೆರೆದರು.

"ನಾನು ಹಾಗೇ ಹೇಳಿದೆ!" ಎಂದಿತು ಒರಳು.

ಅವರು ಎರಡು ಹೆಜ್ಜೆ ಹಿಂದೆ ಸರಿದು, ತಮ್ಮ ದನಿ ತಮಗೆ ಮರಳಿತೋ ಇಲ್ಲವೋ ಎಂದು ಒಮ್ಮೆ ಕೆಮ್ಮಿ ನೋಡಿದರು. ಆಮೇಲೆ ನಿಧಾನವಾಗಿ ಕೇಳಿದರು: "ನಮ್ಮೂರಲ್ಲೂ ಒಂದು ಕೆರೆ ಇದೆ. ಆ ಪುಟಕ್ಕೆ ಸೇರೋದು ಹೇಗಮ್ಮ?" ಫಕೀರವ್ವ ಅವರ ಮೊಬೈಲು ಇಸಿದುಕೊಂಡು ತೋರಿಸಿಕೊಟ್ಟಳು.

ವಿಭಾಗ ಉಳಿಯಿತು. ವರದಿಯಲ್ಲಿ ಈ ಸಲ ಫ್ಯಾನಿನ ಮಾತಿರಲಿಲ್ಲ. ಶುಕ್ರವಾರ ಪ್ಯಾಂಟು ಬಂತು, ಕೀಲಿ ಬಂತು, ನನ್ನ ಕೊರಳು ಹಗುರಾಯಿತು. ವೈರೆಲ್ಲ ಕಿತ್ತು ತೊಳೆದು ಕೊಟ್ಟಿದ್ದೇನೆ ಎಂದು ಚನ್ನವೀರ ಆಣೆ ಮಾಡಿದ.

ಶನಿವಾರ ಮಕ್ಕಳನ್ನೆಲ್ಲ ಮನೆಗೆ ಕರೆದು ಚಕ್ಕುಲಿಗೆ ಕೂತೆ. ಮೊದಲು ಕರಿದದ್ದನ್ನು ಪಡಸಾಲೆಯಲ್ಲಿ ಕೂತ ಮಕ್ಕಳಿಗೆ ಕಳಿಸಿ, ಒರಳಿಗೆ ಮತ್ತೆ ಹಿಟ್ಟು ತುಂಬಿ, "ಈ ಸಲ ಹದ ಭಾರಿ ಚಲೋ ಬಂದೈತಿ" ಎಂದೆ.

ಒರಳಿನಿಂದ ಚಕ್ಕುಲಿಯ ಜೊತೆಗೇ ನನ್ನ ದನಿಯೂ ಸುತ್ತಿಕೊಂಡು ಬಂತು: "ಉಪ್ಪು ಕಡಿಮಿ ಆಗೈತಿ."

ಸೌಟು ಹಿಡಿದೇ ಮೊಬೈಲು ನೋಡಿದೆ. ಹನ್ನೆರಡು ಮಂದಿ ಒಪ್ಪಿದ್ದರು. ಹನ್ನೆರಡನೆಯವರು ಕಮಿಟಿಯ ಅಧ್ಯಕ್ಷರು, ಅವರು ತಮ್ಮೂರಲ್ಲೇ ಕೂತು ರುಚಿ ನೋಡದೆಯೇ ಒಪ್ಪಿದ್ದರು.

ಒಂದು ಮುರಿದು ಬಾಯಿಗೆ ಹಾಕಿಕೊಂಡೆ. ಉಪ್ಪು ಕಡಿಮೆಯೇ ಆಗಿತ್ತು.