ಇಡ್ಲಿ ತಟ್ಟೆಯಲ್ಲಿ ಎಂಟು ವಾಲ್ವು

ಮದುವೆಯಾದ ಹೆಣ್ಣುಮಕ್ಕಳು ತವರಿನಿಂದ ಏನಾದರೂ ತರುವುದು ಎಲ್ಲ ಕಡೆಯೂ ಇರುವುದೇ. ಒಬ್ಬಳು ಸೀರೆ ತರುತ್ತಾಳೆ, ಇನ್ನೊಬ್ಬಳು ಹುಣಸೆಹಣ್ಣು, ಖಾರದಪುಡಿ ಕಟ್ಟಿಸಿಕೊಂಡು ಬರುತ್ತಾಳೆ. ಏನೂ ಸಿಗದವಳು ಅಣ್ಣತಮ್ಮಂದಿರ ಮೇಲೆ ಒಂದು ಸಿಟ್ಟನ್ನಾದರೂ ತಂದು ಗಂಡನ ಮೇಲೆ ಇಳಿಸುತ್ತಾಳೆ. ನಾನು ತಂದದ್ದು ಒಂದು ಕೆಟ್ಟುಹೋದ ಕಾರು. ಅದೂ ಸಂಸಾರಸ್ಥರು ಹತ್ತುವಂಥ ಕಾರಲ್ಲ. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಮುಂದೆ ಮೊಳಗಟ್ಟಲೆ ಮೂತಿ, ಹಿಂದೆ ಏನೂ ಇಲ್ಲ. ಇಂಗ್ಲೆಂಡಿನಲ್ಲಿ ರೇಸಿನ ಹುಚ್ಚು ಹಿಡಿದವರಿಗಾಗಿ ಮಾಡಿದ ಗಾಡಿಯಂತೆ. ನಮ್ಮಪ್ಪ ಧಾರವಾಡದಲ್ಲಿ ದನದ ಡಾಕ್ಟರಾಗಿದ್ದಾಗ, ಊರು ಬಿಟ್ಟು ಹೊರಟಿದ್ದ ಒಬ್ಬ ದೊರೆಯಿಂದ ಅದನ್ನು ಕೊಂಡುಕೊಂಡಿದ್ದರು. ಹಳ್ಳಿಯಲ್ಲಿ ಯಾರ ಎಮ್ಮೆಗಾದರೂ ಹೆರಿಗೆ ಕಷ್ಟವಾದರೆ ಅಪ್ಪ ಆ ಕೆಂಪು ಕಾರಿನಲ್ಲಿ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದರು. ರೇಸಿಗೆ ಹುಟ್ಟಿದ ಗಾಡಿ ಹೀಗೆ ಬಾಣಂತಿ ಎಮ್ಮೆಗಳ ಸೇವೆಯಲ್ಲಿ ಸವೆದುಹೋಯಿತು.

ಐದು ಮಕ್ಕಳಲ್ಲಿ ನಾನು ಹಿರಿಯಳು. ಅಪ್ಪ ಕಾರಿನ ಕೆಳಗೆ ಮಲಗಿದರೆ ಸ್ಪ್ಯಾನರ್ ಎತ್ತಿಕೊಡುವುದು ನನ್ನ ಕೆಲಸ. ಕಾಲೇಜು ಮುಗಿಯುವ ಹೊತ್ತಿಗೆ ಡ್ರೈವಿಂಗ್ ಕೂಡ ಕಲಿತಿದ್ದೆ. ಅಪ್ಪ ನಿವೃತ್ತರಾಗಿ, ಕಾರಿನ ಇಂಜಿನ್ನು ಕಚ್ಚಿಕೊಂಡು ನಿಂತು, ಎರಡು ಮಳೆಗಾಲ ಕಳೆದ ಮೇಲೆ ಅವರು ಐದೂ ಮಕ್ಕಳಿಗೆ ಒಂದೇ ಒಕ್ಕಣೆಯ ಕಾಗದ ಬರೆದರು: ‘ಗಾಡಿ ಯಾರಿಗಾದರೂ ಬೇಕಾದರೆ ಒಯ್ಯಿರಿ, ಇಲ್ಲದಿದ್ದರೆ ತೂಕಕ್ಕೆ ಹಾಕಲು ಮೋಡಕಾ ಅಂಗಡಿಯವನಿಗೆ ಹೇಳುತ್ತೇನೆ.’ ನನ್ನ ನಾಲ್ಕು ಜನ ತಮ್ಮಂದಿರು ಅಪ್ಪನ ಆರೋಗ್ಯ ವಿಚಾರಿಸಿ ಬಹಳ ಪ್ರೀತಿಯಿಂದ ಉತ್ತರ ಬರೆದರು. ಗಾಡಿಯ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ನಾನು ಕಾರ್ಡಿನಲ್ಲಿ ‘ಕಳಿಸಿ’ ಎಂದು ಒಂದೇ ಪದ ಬರೆದೆ. ಮನೆಯವರನ್ನು ಕೇಳಿ ಬರೆಯಬೇಕಿತ್ತು ಎಂದು ಹೊಳೆದದ್ದು ಕಾರ್ಡು ಡಬ್ಬಿಗೆ ಬಿದ್ದ ಮೇಲೆ.

ಆಗ ನಾವು ರಾಜಾಜಿನಗರದಲ್ಲಿ, ಒಂದು ಮನೆಯ ಕೆಳಗಿನ ಭಾಗದಲ್ಲಿ ಬಾಡಿಗೆಗಿದ್ದೆವು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ನಮ್ಮ ಯಜಮಾನರು ಪ್ರಭು, ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುವವರು. ತಪ್ಪು ಹುಡುಕುವುದೇ ಉದ್ಯೋಗವಾದರೂ ಮನೆಯಲ್ಲಿ ಅದನ್ನು ಮಾಡದಿರುವಷ್ಟು ಒಳ್ಳೆಯವರು. ಲಾರಿಯಿಂದ ಕಾರು ಇಳಿದಾಗ ಅವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಚೆನ್ನಾಗಿದೆ ಶಾರದಾ. ಇದನ್ನ ಏನ್ ಮಾಡ್ಬೇಕು?” ಎಂದರು. “ಇಂಜಿನ್ ಬಿಚ್ಚಿ ಹೊಸದಾಗಿ ಕಟ್ಟೋದು ರೀ,” ಎಂದೆ. “ಯಾರು?” ಎಂದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದ್ದನ್ನು ನೋಡಿ ಮತ್ತೆ ಕೇಳಲಿಲ್ಲ.

ಮಾಲೀಕರಾದ ಪುಟ್ಟಸ್ವಾಮಯ್ಯನವರು ಮಾತ್ರ ಮಹಡಿಯಿಂದಲೇ ಕೇಳಿದರು. “ನೋಡಮ್ಮಾ, ಇನ್ನೆರಡು ತಿಂಗಳಿಗೆ ನಮ್ಮ ಹುಡುಗಿ ಮದ್ವೆ. ಚಪ್ಪರ ಇಲ್ಲೇ ಏಳ್ಬೇಕು. ಬೀಗರು ಬಂದ್ರೆ ಇದೇನು ಗುಜರಿ ಅಂಗ್ಡೀನಾ ಅನ್ನಲ್ವೇ? ಚಪ್ಪರದ ಕಂಬ ನೆಡೋ ದಿನ ಅದು ತನ್ನ ಕಾಲ್ಮೇಲೆ ತಾನು ಆಚೆ ಹೋಗ್ಬೇಕು. ಇಲ್ಲಾಂದ್ರೆ ಗುಜರಿಯವನನ್ನ ನಾನೇ ಕರೀತೀನಿ.” ಎರಡು ತಿಂಗಳು ಬೇಕಾದಷ್ಟಾಯಿತು ಎಂದೆ. ಇಂಜಿನ್ನು ಬಿಚ್ಚಿ ನೋಡದವರು ಮಾತ್ರ ಆಡಬಹುದಾದ ಮಾತು ಅದು.

ಬಿಚ್ಚುವುದು ಸುಲಭ. ಬಿಚ್ಚುವಾಗ ಮನುಷ್ಯನಿಗೆ ತಾನು ಭಾರೀ ಬುದ್ಧಿವಂತ ಅನ್ನಿಸುತ್ತದೆ. ನಾಲ್ಕು ಭಾನುವಾರಗಳಲ್ಲಿ ನಮ್ಮ ವೆರಾಂಡ, ನಡುಮನೆ, ಆಮೇಲೆ ಅಡುಗೆಮನೆಯ ಕಟ್ಟೆ ಎಲ್ಲವೂ ಆ ಇಂಜಿನ್ನಿನ ಕರುಳುಗಳಿಂದ ತುಂಬಿದವು. ಯಾವುದು ಎಲ್ಲಿಂದ ಬಂತೆಂದು ಮರೆಯಬಾರದಲ್ಲ, ಸಿಕ್ಕಸಿಕ್ಕ ಪಾತ್ರೆಯಲ್ಲಿ ಚೀಟಿ ಹಾಕಿ ಇಟ್ಟೆ. ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ ಹೋಗಿ ವಾಷರುಗಳು ಬಂದವು. ಗಾಳಿ-ಪೆಟ್ರೋಲು ಒಳಗೆ ಬಿಡುವ, ಹೊಗೆ ಹೊರಗೆ ಬಿಡುವ ಬಾಗಿಲುಗಳಂಥ ವಾಲ್ವುಗಳು ಎಂಟಿದ್ದವು. ಒಂದರ ಜಾಗಕ್ಕೆ ಇನ್ನೊಂದು ಹೋಗಕೂಡದು. ನಮ್ಮ ಇಡ್ಲಿ ತಟ್ಟೆಗಳಲ್ಲಿ ನಾಲ್ಕು ನಾಲ್ಕು ಕುಳಿ. ಎರಡು ತಟ್ಟೆಗೆ ಎಂಟು ವಾಲ್ವು ಎಷ್ಟು ಸರಿಯಾಗಿ ಕೂತವೆಂದರೆ, ಇಡ್ಲಿಗಾಗಿ ಆ ತಟ್ಟೆ ಮಾಡಿದ್ದೇ ತಪ್ಪೇನೋ ಅನ್ನಿಸಿತು.

ಸಿಲಿಂಡರಿನ ಒಳಮೈ ಸವೆದಿತ್ತು. ಅದನ್ನು ಕೊರೆಸಿ ನಯ ಮಾಡಿಸಲು ಇಂಡಸ್ಟ್ರಿಯಲ್ ಎಸ್ಟೇಟಿನ ದೊರೆಸ್ವಾಮಿಯವರ ಲೇತ್ ಶೆಡ್ಡಿಗೆ ಒಯ್ಯಬೇಕಾಯಿತು. ಆ ಭಾರವನ್ನು ಹೊರುವವರು ಯಾರು? ಕೊನೆಗೆ ಒಂದು ಜಟಕಾ ಮಾಡಿದೆವು. ಮುಂದೆ ಸೊರಗಿದ ಒಂದೇ ಕುದುರೆ, ಹಿಂದೆ ನಲವತ್ತು ಕುದುರೆಗಳ ಶಕ್ತಿಯದೆಂದು ಕಾರಿನ ಜೊತೆ ಬಂದಿದ್ದ ಪುಸ್ತಕ ಹೇಳುತ್ತಿದ್ದ ಇಂಜಿನ್ನು, ಎರಡರ ನಡುವೆ ಇಂಜಿನ್ನನ್ನು ತಬ್ಬಿಕೊಂಡು ನಮ್ಮ ಯಜಮಾನರು. ದೊರೆಸ್ವಾಮಿ ಬಹಳ ಕಸುಬುದಾರರು. ಆದರೆ ಅವರ ಕಣ್ಣಿಗೆ ನಾನು ಬೀಳುತ್ತಲೇ ಇರಲಿಲ್ಲ. “ಸಾರ್, ಎಷ್ಟು ಓವರ್‌ಸೈಜ್ ಹೊಡೀಲಿ?” ಎಂದು ಇವರನ್ನು ಕೇಳುವರು. ಇವರು ನನ್ನ ಮುಖ ನೋಡುವರು. ನಾನು ಹೇಳುವೆ. “ಸರಿ ಸಾರ್,” ಎಂದು ಅವರು ಇವರಿಗೇ ಹೇಳುವರು. “ಪಿಸ್ಟನ್ ರಿಂಗು ತಂದಿದೀರಾ ಸಾರ್?” ಎಂದರೆ ನನ್ನ ಕೈಚೀಲದಿಂದ ರಿಂಗು ಹೊರಬರುವುದು. “ಭಾಳ ಚೆನ್ನಾಗಿ ತಿಳ್ಕೊಂಡಿದೀರ ಸಾರ್,” ಎಂದು ದೊರೆಸ್ವಾಮಿ ಮೆಚ್ಚುವರು. ನಮ್ಮವರು ನಾಚಿಕೊಂಡು, “ಹಾಗೇನಿಲ್ಲ,” ಎನ್ನುವರು. ಅದು ವಿನಯವಲ್ಲ, ನಿಜ ಎಂದು ಯಾರೂ ನಂಬುತ್ತಿರಲಿಲ್ಲ.

ಹೀಗಿರುವಾಗ ದಾವಣಗೆರೆಯಿಂದ ನಮ್ಮ ಅತ್ತೆ ಬಂದರು. ಕಣ್ಣು ಮಂಜಾಗಿದೆ, ಇಲ್ಲಿ ತೋರಿಸಿ ಕನ್ನಡಕ ಹಾಕಿಸಿಕೊಳ್ಳಬೇಕು ಎಂದು ಬಂದದ್ದು. ಮರುದಿನ ಬೆಳಗ್ಗೆ ನಾನೆದ್ದು ಬರುವಷ್ಟರಲ್ಲಿ ಅವರ ಸ್ನಾನ, ಲಿಂಗಪೂಜೆ ಎಲ್ಲ ಮುಗಿದು, ಹಣೆಯ ಮೇಲೆ ವಿಭೂತಿ ಒಣಗುತ್ತಿತ್ತು. ಅವರು ಅಡುಗೆಮನೆಯಲ್ಲಿ ಇಡ್ಲಿ ತಟ್ಟೆ ಹಿಡಿದು ನಿಂತಿದ್ದರು.

“ಇದೇನವ್ವಾ ಇದು? ಇಡ್ಲಿ ತಟ್ಟ್ಯಾಗೆ ಕಬ್ಬಿಣದ ಅಣಬೆ ಬೆಳ್ಸೀಯಲ್ಲ?”

“ಅವು ವಾಲ್ವು, ಅತ್ತೆ. ಇಂಜಿನ್ನಿನವು. ದಯವಿಟ್ಟು ಜಾಗ ಬದಲಾಯಿಸಬೇಡಿ.”

“ಮತ್ತೆ ನನ್ನ ಮಗ ಏನು ತಿಂತಾನ?”

“ಉಪ್ಪಿಟ್ಟು,” ಎಂದೆ. ಎಷ್ಟು ದಿನದಿಂದ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಂದಿನಿಂದ ಮೂರು ದಿನ ಅತ್ತೆ ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು. ಹೆಂಗಸೊಬ್ಬಳು ಮೊಣಕೈವರೆಗೆ ಮಸಿ ಬಳಿದುಕೊಂಡು ಕೂರುವುದು ಅವರಿಗೆ ಸಹಿಸಲಾಗಲಿಲ್ಲ. “ಬಳೆ ಕಾಣಂಗಿಲ್ಲಲ್ಲೋ ಪ್ರಭು, ಕೈಯಾಗೆ,” ಎಂದು ಮಗನ ಹತ್ತಿರ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. ಸುಳ್ಳಲ್ಲ, ನನಗೆ ಅಳು ಬಂತು. ಅತ್ತೆಯ ಮಾತಿಗಿಂತ, ಮದುವೆಗೆ ಇನ್ನು ಹದಿನೈದೇ ದಿನ ಉಳಿದಿದೆ ಎಂಬುದಕ್ಕೆ. ವಾಲ್ವುಗಳನ್ನು ಉಜ್ಜುವ ಕೆಲಸ ನನ್ನಿಂದ ಸಾಗುತ್ತಲೇ ಇರಲಿಲ್ಲ.

ಆ ಕೆಲಸ ಹೀಗೆ. ವಾಲ್ವಿನ ಅಂಚಿಗೆ ಮರಳುಮರಳಾದ ಒಂದು ಪೇಸ್ಟು ಸವರಿ, ಅದನ್ನು ಅದರ ಗೂಡಿನಲ್ಲಿ ಕೂರಿಸಿ, ಮೇಲೆ ರಬ್ಬರು ಬಟ್ಟಲಿನ ಒಂದು ಕೋಲು ಅಂಟಿಸಿ, ಎರಡು ಅಂಗೈ ನಡುವೆ ಕೋಲನ್ನು ಅತ್ತಿತ್ತ ಹೊಸೆಯಬೇಕು. ಅಂಚು ಗೂಡಿಗೆ ಸ್ವಲ್ಪವೂ ಸಂದಿಲ್ಲದಂತೆ ಕೂರುವವರೆಗೆ. ನಾನು ಮೊದಲ ವಾಲ್ವಿಗೇ ಎರಡು ಸಂಜೆ ಕಳೆದಿದ್ದೆ. ನಾಲ್ಕನೆಯ ದಿನ ಶಾಲೆಯಿಂದ ಬಂದು ಹೊಸೆಯುತ್ತಾ ಕೂತಿದ್ದಾಗ, ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಡೆಯಲಾರದೆ ಹೇಳಿದರು: “ಹಂಗೆ ಕಡದ್ರೆ ವರ್ಷ ಆದ್ರೂ ಬೆಣ್ಣೆ ಬರಂಗಿಲ್ಲ, ತಗಿ.”

“ಬೆಣ್ಣೆ ಅಲ್ಲ ಅತ್ತೆ, ಇದು...”

“ಗೊತ್ತೈತೆ, ಕೊಡಿಲ್ಲಿ.”

ಕೊಟ್ಟೆ. ಐವತ್ತು ವರ್ಷ ಮೊಸರು ಕಡೆದ ಕೈ ಅದು. ಅಂಗೈಗಳು ಒಂದರ ಮೇಲೊಂದು ಹಗುರಾಗಿ ಸರಿದವು. ಭುಜ ಅಲುಗಲಿಲ್ಲ, ಉಸಿರು ಏರಲಿಲ್ಲ. ಕಣ್ಣು ಹೇಗೂ ಮಂಜು, ಮುಚ್ಚಿಯೇಬಿಟ್ಟರು. ಮೊದಲು ಗರಗರ ಎನ್ನುತ್ತಿದ್ದ ಸದ್ದು ಬರಬರುತ್ತ ಸಣ್ಣಗಾಗಿ, ಕೊನೆಗೆ ರೇಷ್ಮೆ ಸೀರೆ ಸರಿದಂತಾಯಿತು. “ಈಗ ಆತು ನೋಡು,” ಎಂದು ನಿಲ್ಲಿಸಿದರು. ಒರೆಸಿ ನೋಡಿದೆ. ಅಂಚಿನ ಸುತ್ತ ಬೂದುಬಣ್ಣದ ಗೆರೆ ಎಲ್ಲೂ ಕಡಿಯದೆ ಬಂದಿತ್ತು. ನಾಲ್ಕು ದಿನದಲ್ಲಿ ಎಂಟೂ ಮುಗಿದವು. ಕೊನೆಯದಕ್ಕೆ ಅವರೇ ನನ್ನನ್ನು ಕರೆದು, “ಕೈ ಇಡು, ಕೇಳ್ತೈತಾ? ಈ ಸದ್ದು,” ಎಂದು ಕಲಿಸಿದರು. ಮುಂಗೈವರೆಗೆ ಮಸಿಯಾಗಿದ್ದ ಅವರ ಬಳೆಗಳ ವಿಷಯ ನಾನು ಎತ್ತಲಿಲ್ಲ.

ದೊರೆಸ್ವಾಮಿ ಬಂದು ವಾಲ್ವುಗಳ ಮೇಲೆ ಸೀಮೆಎಣ್ಣೆ ಹುಯ್ದು ಹತ್ತು ನಿಮಿಷ ಕಾದರು. ಒಂದು ಹನಿ ಕೆಳಗಿಳಿಯಲಿಲ್ಲ. “ಯಾವ ಗ್ಯಾರೇಜಲ್ಲಿ ಮಾಡಿಸಿದ್ರಿ ಸಾರ್?” ಎಂದು ವಾಡಿಕೆಯಂತೆ ನಮ್ಮವರನ್ನು ಕೇಳಿದರು. ಇವರು ಬೆರಳು ತೋರಿಸಿದ ಕಡೆ ತಿರುಗಿದರೆ ಅಲ್ಲಿ ಹೊಸ ಕನ್ನಡಕ ಹಾಕಿಕೊಂಡ ಅತ್ತೆ. ದೊರೆಸ್ವಾಮಿ ಎದ್ದುನಿಂತು ಕೈಮುಗಿದರು. ಆಮೇಲೆ ಇಂಜಿನ್ನಿನ ವಿಷಯವನ್ನೆಲ್ಲ, “ಅಮ್ಮಾ, ಇದನ್ನ ಹಿಂಗೆ ಬಿಗೀಬೋದಾ?” ಎಂದು ಅವರನ್ನೇ ಕೇಳತೊಡಗಿದರು. ನಾನು ಆಗಲೂ ಅವರಿಗೆ ಕಾಣಿಸಲಿಲ್ಲ.

ಇಂಜಿನ್ನನ್ನು ಕಾರಿನೊಳಗೆ ಇಳಿಸಿ ಮುಗಿಸಿದ್ದು ಚಪ್ಪರದ ಹಿಂದಿನ ದಿನ. ಮರುದಿನ ಬೆಳಗ್ಗೆ ಕಂಬ ನೆಡುವವರು ಗುದ್ದಲಿ ಹಿಡಿದು ಬಂದು ನಿಂತರು. ಮಹಡಿಯ ಮೇಲೆ ಪುಟ್ಟಸ್ವಾಮಯ್ಯನವರೂ ನಿಂತರು. ನಾನು ಸ್ಟಿಯರಿಂಗಿನ ಹಿಂದೆ, ನಮ್ಮವರು ಮುಂದೆ ಹ್ಯಾಂಡಲ್ ಹಿಡಿದು. ತಿರುಗಿಸಿದರು. ಕೆಮ್ಮಿತು. ಮತ್ತೆ ತಿರುಗಿಸಿದರು. ಢಂ! ಎಂಥ ಸದ್ದೆಂದರೆ, ಕಂಬದವರು ಗುದ್ದಲಿ ಬಿಟ್ಟು ಓಡಿದರು, ಎದುರುಮನೆಯ ಪಾರಿವಾಳಗಳು ಬಸವೇಶ್ವರನಗರದ ಕಡೆಗೆ ಹಾರಿಹೋದವು. ಇಪ್ಪತ್ತು ಸಲ ತಿರುಗಿಸಿದರೂ ಕೆಮ್ಮು, ಢಂ, ಮತ್ತೆ ಕೆಮ್ಮು. “ಆಯ್ತಲ್ಲಮ್ಮಾ, ಕರೀಲಾ ಗುಜರಿಯವನನ್ನ?” ಎಂಬ ಪ್ರಶ್ನೆ ಮೇಲಿನಿಂದ ಬಂತು. ನನಗೆ ತಲೆಯೇ ಓಡಲಿಲ್ಲ.

ನಮ್ಮವರು ಬೆವರೊರೆಸಿಕೊಂಡು ಸುಧಾರಿಸಿಕೊಳ್ಳಲು ಕೂತು, ಪಕ್ಕದಲ್ಲಿದ್ದ ಕಾರಿನ ಪುಸ್ತಕವನ್ನು ಕೈಗೆತ್ತಿಕೊಂಡರು. ಅಚ್ಚಾದದ್ದು ಕಂಡರೆ ಓದದೆ ಇರಲಾರರು. ಸ್ವಲ್ಪ ಹೊತ್ತಿನಲ್ಲೇ ಜೇಬಿನಿಂದ ಪೆನ್ಸಿಲು ತೆಗೆದರು. “ಶಾರದಾ, ಇಂಗ್ಲೆಂಡಿನೋರೂ ಪ್ರೂಫ್ ಸರಿಯಾಗಿ ನೋಡಲ್ಲ ಕಣೇ. ಇಲ್ಲಿ ನೋಡು, ನಾಲ್ಕು ವೈರಿನ ಕ್ರಮ ಒಂದು, ಮೂರು, ನಾಲ್ಕು, ಎರಡು ಅಂತ ಅಚ್ಚಾಗಿದೆ. ನೀನು ಒಂದು, ಎರಡು, ಮೂರು, ನಾಲ್ಕು ಅಂತ ಸರಿಯಾಗೇ ಹಾಕಿದೀಯ. ತಿದ್ಲಾ?”

ನಾನು ಅವರ ಕೈಯಿಂದ ಪೆನ್ಸಿಲು ಕಿತ್ತುಕೊಂಡೆ. ಅಚ್ಚಾದದ್ದೇ ಸರಿ, ಸಿಲಿಂಡರುಗಳಿಗೆ ಕಿಡಿ ಮುಟ್ಟಿಸುವ ವೈರುಗಳ ಸರದಿ ಅದೇ. ಹತ್ತು ವರ್ಷ ವಿಜ್ಞಾನ ಪಾಠ ಹೇಳಿದವಳು, ಹಿಂದಿನ ದಿನದ ಆತುರದಲ್ಲಿ ಒಂದನೇ ಕ್ಲಾಸಿನ ಮಗುವಿನಂತೆ ವೈರುಗಳನ್ನು ಎಣಿಸಿಕೊಂಡು ಸಿಕ್ಕಿಸಿದ್ದೆ. ಮೂರು ವೈರು ಅದಲು ಬದಲು ಮಾಡಿದೆ. ಈ ಸಲ ಹ್ಯಾಂಡಲ್ ಅರ್ಧ ಸುತ್ತು ಬಂತೋ ಇಲ್ಲವೋ, ಇಂಜಿನ್ನು ಹಿಡಿಯಿತು. ಬೀದಿಯೆಲ್ಲ ನೀಲಿ ಹೊಗೆ. ಆ ಹೊಗೆಯೊಳಗೆ ಕಾರು ಮೈ ನಡುಗಿಸುತ್ತಾ ಗುರುಗುಡುತ್ತಿತ್ತು. ಧಾರವಾಡದ ಮನೆಯ ಮುಂದೆ ಅಪ್ಪ ಬಂದಿಳಿಯುವಾಗಿನ ಸದ್ದೇ ಅದು. ನನ್ನ ಕಣ್ಣಲ್ಲಿ ನೀರು ಬಂದದ್ದಕ್ಕೆ ಹೊಗೆಯ ನೆಪ ಸಿಕ್ಕಿತು.

“ಹತ್ತಿ ಅತ್ತೆ,” ಎಂದೆ. ಅವರು ಕಿವಿಗೆ ಸೆರಗು ಬಿಗಿದುಕೊಂಡು ಹತ್ತಿದರು. ಗೇಟು ದಾಟಿ, ವಿಜಯನಗರ ದಾಟಿ, ಚಂದ್ರಾ ಲೇಔಟಿನ ಕಡೆಗೆ ಹೋದೆವು. ಆಗ ಅಲ್ಲಿ ಬರೀ ರಾಗಿ ಹೊಲ. ಅತ್ತೆ ಹೊಲ ನೋಡಲಿಲ್ಲ, ತಲೆ ಓರೆ ಮಾಡಿ ಇಂಜಿನ್ನನ್ನೇ ಕೇಳುತ್ತಿದ್ದರು. “ಎಂಟೂ ಚಲೋ ಕುಂತಾವೆ,” ಎಂದರು. ಸ್ವಲ್ಪ ದೂರ ಹೋದ ಮೇಲೆ, “ನಿಮ್ಮಪ್ಪಗೆ ಇವತ್ತೇ ಕಾಗದ ಬರಿಯವ್ವ, ಗಾಡಿ ನಡೀತು ಅಂತ,” ಎಂದರು.

ಮುಂದಿನ ವರ್ಷ ನಾದಿನಿಯ ಮನೆಯ ಗೃಹಪ್ರವೇಶಕ್ಕೆ ದಾವಣಗೆರೆಗೆ ಹೋದೆವು. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತ ಹಿರಿಯರೊಬ್ಬರು, “ನಿಮ್ಮ ಅತ್ತಿ ಬೆಂಗ್ಳೂರಾಗೆ ಒಂದು ಕಾರಿನ ಇಂಜಿನ್ನೇ ಕಟ್ಟಿದ್ರಂತಲ್ಲವ್ವಾ! ನೀನೂ ಜೊತೀಗಿದ್ದು ಟೀ ಗೀ ಮಾಡಿಕೊಟ್ಟೆ ಅಂತ ಭಾಳ ಹೊಗಳಿದ್ರು,” ಎಂದರು. ಹೋಳಿಗೆ ಮುರಿಯುತ್ತಿದ್ದ ನಾನು ತಲೆಯೆತ್ತಿದೆ. ಎದುರಿನ ಸಾಲಿನಲ್ಲಿ ತುಪ್ಪ ಬಡಿಸುತ್ತಿದ್ದ ಅತ್ತೆ ನನ್ನ ಕಡೆ ಒಮ್ಮೆ ನೋಡಿ, ಬೇಗ ಮುಂದಿನ ಎಲೆಗೆ ಹೋದರು. “ಹೌದು, ಅವರೇ,” ಎಂದೆ.

ಬರುವಾಗ ರೈಲಿನಲ್ಲಿ ಈ ಅನ್ಯಾಯವನ್ನು ನಮ್ಮವರ ಹತ್ತಿರ ತೋಡಿಕೊಂಡೆ. ತುಮಕೂರು ದಾಟುವವರೆಗೂ ತೋಡಿಕೊಂಡೆ. ಅವರು ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡು, “ಅಮ್ಮ ಹಾಗೆ ಹೇಳ್ಬಾರದಿತ್ತು,” ಎಂದರು. ಆಮೇಲೆ ಕಿಟಕಿಯಾಚೆ ನೋಡುತ್ತಾ, “ಮೊನ್ನೆ ನಿಮ್ಮ ಸ್ಕೂಲ್ ಡೇಗೆ ಬಂದಿದ್ದೆನಲ್ಲ, ಹೆಡ್‌ಮಿಸ್ಟ್ರೆಸ್ ಸಿಕ್ಕಿದ್ರು. ‘ನಿಮ್ಮನೆಯವರ ತಲೆಯೇ ತಲೆ ಸಾರ್, ಆ ವೈರಿನ ತಪ್ಪು ಅವರಿಗೆ ತಕ್ಷಣ ಹೊಳೀತಂತಲ್ಲಾ’ ಅಂದ್ರು,” ಎಂದರು.

“ನೀವೇನಂದ್ರಿ?” ಎಂದೆ, ಬಳೆ ಸರಿಮಾಡಿಕೊಳ್ಳುತ್ತಾ.

“‘ಹೌದು, ಅವಳೇ’ ಅಂದೆ.”